ಮೊದಲು ನಿಲ್ಲೋದು ಕಲೀರಿ: ಪುಣೆಯಿಂದ ಗುಲ್ಮಾರ್ಗ್‌ಗೆ ಗೆಳೆಯರ ಜೊತೆ ಸ್ಕೀ ಮಾಡಲು ಹೊರಟವರಿಗೆ

ಪುಣೆಯಲ್ಲಿ ಡಿಸೆಂಬರ್ ಬಂದರೆ ಸಾಕು, ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಹಿಮದ ಫೋಟೋ ಹಾಕುತ್ತಾರೆ, ಇನ್ನೊಬ್ಬರು 'ಹೋಗೋಣ' ಅನ್ನುತ್ತಾರೆ, ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ನಾವು ನಾಲ್ವರು ಒಂದು ಸಲ ಹೋಗಿಯೇಬಿಟ್ಟೆವು. ಕೆಲಸ ಎಲ್ಲರದೂ ಹಿಂಜವಡಿಯಲ್ಲಿ, ಊರು ಮಾತ್ರ ಬೇರೆ ಬೇರೆ. ನಾನು ಧಾರವಾಡದವನು, ಒಬ್ಬ ಸೊಲ್ಲಾಪುರದ ಕನ್ನಡಿಗ, ಒಬ್ಬಳು ಮಂಗಳೂರಿನವಳು, ಇನ್ನೊಬ್ಬ ಮೈಸೂರಿನವನು. ಮೊದಲೇ ಹಿಮ ನೋಡಿದ್ದವನು ಮೈಸೂರಿನವನೊಬ್ಬನೇ, ಔಲಿಯಲ್ಲಿ ಐದು ದಿನ. ಆ ಐದು ದಿನದ ಧೈರ್ಯವೇ ನಮಗೆ ಮುಳುವಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಎಲ್ಲಿಗೆ ಹೋಗೋದು? ಉತ್ತರಾಖಂಡದ ಔಲಿ ಇದೆ, ಮನಾಲಿ ಹತ್ತಿರ ಸೋಲಂಗ್ ಇದೆ. ನಾವು ಆರಿಸಿದ್ದು ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್, ಬಟ್ಟಲಿನ ಆಕಾರದ ಹುಲ್ಲುಗಾವಲು. ಹಳೆಯ ಹೆಸರು ಗೌರಿಮಾರ್ಗ ಅಂತೆ, ಕೇಳಿ ಮಂಗಳೂರಿನವಳಿಗೆ ಸಖತ್ ಖುಷಿ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಮೈದಾನದ ಮೇಲೇ ಚಳಿಗಾಲದಲ್ಲಿ ಹಿಮ ತುಂಬಿಕೊಳ್ಳುತ್ತದೆ, ಅಲ್ಲಿಯ ಸಣ್ಣ ಇಳಿಜಾರುಗಳು ಹೊಸಬರಿಗೆ ಹೇಳಿ ಮಾಡಿಸಿದ ಹಾಗಿವೆ. ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಕ್ರಿಸ್‌ಮಸ್ ರಜೆಗೆ ಹೋಗಬೇಡಿ. ಆಗ ಕೆಲವು ವರ್ಷ ಹಿಮವೇ ಸರಿಯಾಗಿ ಬಿದ್ದಿರುವುದಿಲ್ಲ, ಜನ ಮಾತ್ರ ತುಂಬಿರುತ್ತಾರೆ.

ಪ್ರಯಾಣದ ಬಗ್ಗೆ ಎರಡೇ ಮಾತು. ಚಳಿಗಾಲದಲ್ಲಿ ಶ್ರೀನಗರದ ವಿಮಾನಗಳು ಹಿಮ, ಮಂಜು ಅಂತ ರದ್ದಾಗುವುದು ಮಾಮೂಲು, ಅದಕ್ಕೆ ವಾಪಸ್ ಬರುವಾಗ ಒಂದು ದಿನ ಖಾಲಿ ಇಟ್ಟುಕೊಳ್ಳಿ, ಸೋಮವಾರ ಬೆಳಗ್ಗೆ ಮೀಟಿಂಗ್ ಇದೆ ಅಂತ ಭಾನುವಾರ ರಾತ್ರಿಯ ಟಿಕೆಟ್ ಮಾಡಿಸಬೇಡಿ. ಇನ್ನೊಂದು, ಹೊರಗಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು. ನಾಲ್ವರಲ್ಲಿ ಇಬ್ಬರ ಬಳಿಯಾದರೂ ಅದು ಇರಲಿ. ಜೋರಾಗಿ ಹಿಮ ಬಿದ್ದ ದಿನ ಗುಲ್ಮಾರ್ಗ್ ಬೆಟ್ಟದ ಬುಡದಲ್ಲಿರುವ ತಂಗ್‌ಮಾರ್ಗ್‌ನಿಂದ ಮೇಲಕ್ಕೆ, 13 ಕಿಲೋಮೀಟರ್, ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ಅಲ್ಲಿ ಗಾಡಿ ಬದಲಿಸಬೇಕಾಗಿ ಬಂದರೆ ಮೋಸ ಅಂದುಕೊಂಡು ಜಗಳಕ್ಕೆ ನಿಲ್ಲಬೇಡಿ.

ಹೋಗುವ ಮೊದಲು ತೊಡೆ ಗಟ್ಟಿ ಮಾಡಿಕೊಳ್ಳಿ. ಸ್ಕೀಯಿಂಗ್ ಅಂದರೆ ಇಡೀ ದಿನ ಅರ್ಧ ಕೂತ ಭಂಗಿಯಲ್ಲಿರುವುದು. ತಿಂಗಳ ಮೊದಲೇ ದಿನಾ ಬೆನ್ನನ್ನು ಗೋಡೆಗೆ ಒರಗಿಸಿ ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತಂತೆ ಕೂರಿ, ಮೊದಲ ದಿನ ಅರ್ಧ ನಿಮಿಷಕ್ಕೇ ಕಾಲು ನಡುಗುತ್ತದೆ, ಪರವಾಗಿಲ್ಲ, ಒಂದೂವರೆ ನಿಮಿಷಕ್ಕೆ ಬರುವವರೆಗೆ ಬಿಡಬೇಡಿ. ಭಾನುವಾರ ಸಿಂಹಗಡಕ್ಕೆ ಹೋಗಿ. ಹತ್ತುವುದು ಉಸಿರಿಗೆ ಒಳ್ಳೆಯದು, ಆದರೆ ನಿಮಗೆ ಬೇಕಾದ್ದು ಇಳಿಯುವುದು. ಮೇಲೆ ಪಿಠಲೆ-ಭಾಕರಿ ತಿಂದು ಜೀಪಿನಲ್ಲಿ ಕೆಳಗೆ ಬಂದರೆ ಲೆಕ್ಕಕ್ಕಿಲ್ಲ.

ಈಗ ಬಟ್ಟೆ. ನಮ್ಮ ಪುಣೆಯ ಥಂಡಿಗೆ ಲಕ್ಷ್ಮಿ ರೋಡಿನ ಸ್ವೆಟರ್ ಸಾಕು, ಅಲ್ಲಿ ಸಾಲುವುದಿಲ್ಲ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಒಳಗಿನದ್ದು ಹತ್ತಿ ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಸೊಲ್ಲಾಪುರದವನು ಜೀನ್ಸ್ ಹಾಕಿ ಬಂದಿದ್ದ, ಹತ್ತು ಸಲ ಬಿದ್ದ ಮೇಲೆ ಅದು ತಗಡಿನ ಹಾಗೆ ಸೆಟೆದು ನಿಂತಿತ್ತು. ಹೊರಗಿನ ಜಾಕೆಟ್-ಪ್ಯಾಂಟು, ಸ್ಕೀ, ಬೂಟು, ಹೆಲ್ಮೆಟ್ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಥರ್ಮಲ್, ನೀರು ಹಿಡಿಯದ ಗ್ಲೌಸ್ ಮತ್ತು ಸಾಕ್ಸ್ ಮಾತ್ರ ನಿಮ್ಮವೇ ಇರಲಿ.

ಇಡೀ ದಿನ ಕೆಡುವುದು ಸಾಮಾನ್ಯವಾಗಿ ಬೂಟಿನಿಂದ. ಇದಕ್ಕೆ ಅರ್ಧ ಗಂಟೆ ಕೊಡಿ. ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕಬೇಡಿ. ಒಂದೇ ಜೊತೆ, ತೆಳ್ಳಗಿನದು, ಮೊಣಕಾಲಿನವರೆಗೆ ಬರುವಂಥದ್ದು. ಎರಡು ಹಾಕಿದರೆ ಮಡಿಕೆ ಬಿದ್ದು ಒತ್ತುತ್ತದೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳು ಮುಂದಿನ ಗೋಡೆಗೆ ಸ್ವಲ್ಪ ತಾಗಬೇಕು, ಮೊಣಕಾಲು ಮುಂದೆ ಬಗ್ಗಿಸಿದಾಗ ಬಿಡಿಸಿಕೊಳ್ಳಬೇಕು, ಹಿಮ್ಮಡಿ ಮಾತ್ರ ಒಳಗೆ ಎದ್ದೇಳಬಾರದು. ನನಗೆ ಬಾಡಿಗೆ ಅಂಗಡಿಯವನು 'ಸ್ವಲ್ಪ ಲೂಸ್ ಇದ್ದರೆ ಆರಾಮ' ಅಂತ ಒಂದು ಸೈಜ್ ದೊಡ್ಡದು ಕೊಟ್ಟ, ನಾನೂ ಆರಾಮ ಅಂತಲೇ ತಗೊಂಡೆ. ಕಾಲು ಒಂದು ಕಡೆ ತಿರುಗಿದರೆ ಬೂಟು ಇನ್ನೊಂದು ಕಡೆ. ಮಧ್ಯಾಹ್ನಕ್ಕೆ ಮುಂಗಾಲಿನ ಮೂಳೆಯ ಮೇಲೆ ಚರ್ಮ ಕಿತ್ತಿತ್ತು.

ಬೂಟನ್ನು ಸ್ಕೀಗೆ ಹಿಡಿದಿಡುವುದು ಬೈಂಡಿಂಗ್. ಜೋರಾಗಿ ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮೊಣಕಾಲು ತಿರುಚಿಕೊಳ್ಳುತ್ತದೆ. ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ಬೂಟಿನ ಅಡಿಯ ಉದ್ದ, ಎಷ್ಟು ಕಲಿತಿದ್ದೀರಿ ಅನ್ನುವುದನ್ನು ನೋಡಿ ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಅಂಗಡಿಯವನು ತೂಕ ಕೇಳದೆ ಸ್ಕೀ ಕೈಗೆ ಕೊಟ್ಟರೆ ನೀವೇ ಬಾಯಿಬಿಟ್ಟು ಕೇಳಿ. ತೂಕ ಹೇಳುವಾಗ ಸುಳ್ಳು ಬೇಡ. ಸ್ಕೀ ಉದ್ದ ಹೊಸಬರಿಗೆ ಗದ್ದದಿಂದ ಮೂಗಿನ ನಡುವೆ ಬಂದರೆ ಸಾಕು. ಉದ್ದ ಜಾಸ್ತಿಯಾದಷ್ಟೂ ತಿರುಗಿಸುವುದು ಕಷ್ಟ.

ಟೀಚರ್ ಇಲ್ಲದೆ ಕಲಿಯಬೇಡಿ. ಗೆಳೆಯ ಎಷ್ಟೇ ಚೆನ್ನಾಗಿ ಸ್ಕೀ ಮಾಡಲಿ, ಅವನು ನಿಮಗೆ ಟೀಚರ್ ಅಲ್ಲ. ಅವನಿಗೆ ತಾನು ಹೇಗೆ ಮಾಡುತ್ತೇನೆ ಅನ್ನುವುದು ಗೊತ್ತು, ನಿಮಗೆ ಯಾಕೆ ಬರುತ್ತಿಲ್ಲ ಅನ್ನುವುದು ಗೊತ್ತಿಲ್ಲ. ಹತ್ತು ನಿಮಿಷಕ್ಕೆ ಅವನಿಗೆ ಬೇಜಾರು, ಹದಿನೈದಕ್ಕೆ ನಿಮಗೆ ಸಿಟ್ಟು. ಗುಲ್ಮಾರ್ಗ್‌ನ ಹುಡುಗರು ನಡೆಯಲು ಕಲಿತ ಮೇಲೆ ಸ್ಕೀ ಹತ್ತುವವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ ಆರಿಫ್ ಖಾನ್ ಇದೇ ಕಡೆಯವರು. ಅಲ್ಲಿ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ಕೋರ್ಸುಗಳೂ ಇವೆ, ದಿನದ ಲೆಕ್ಕದಲ್ಲಿ ಕಲಿಸುವವರೂ ಇದ್ದಾರೆ. ನಾಲ್ವರಿಗೆ ಒಬ್ಬರಾದರೂ ಸಾಕು. ಎಷ್ಟು ಗಂಟೆ, ಎಷ್ಟು ದುಡ್ಡು, ಸಾಮಾನು ಸೇರಿ ಅಥವಾ ಬಿಟ್ಟು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಈಗ ನಮ್ಮ ಎಡವಟ್ಟು. ಬೆಳಗ್ಗೆ ಹತ್ತಕ್ಕೆ ಶುರು ಮಾಡಿದೆವು. ಹನ್ನೊಂದೂವರೆಗೆ ಮೈಸೂರಿನವನಿಗೆ ತಾಳ್ಮೆ ಹೋಯಿತು. 'ಇಲ್ಲಿ ಎಷ್ಟು ಹೊತ್ತು ಒದ್ದಾಡ್ತೀರಾ, ಮೇಲೆ ಬನ್ನಿ, ತಾನಾಗಿ ಬರುತ್ತೆ' ಅಂದ. 'ಈಗಲೇ ಬೇಡ' ಅಂತ ನಮ್ಮ ಟೀಚರ್ ಹೇಳಿದರು, ನಾವು ಕೇಳಲಿಲ್ಲ. ಗೊಂಡೋಲಾ, ಅಂದರೆ ಕೇಬಲ್ ಕಾರ್, ಹತ್ತಿ ಅದರ ಮೊದಲ ಹಂತ ಮುಗಿಯುವ ಕೊಂಗ್ಡೂರಿಗೆ ಹೋದೆವು. ಮೇಲೆ ನಿಂತು ಕೆಳಗೆ ನೋಡಿದರೆ ಹೊಟ್ಟೆಯಲ್ಲಿ ಏನೋ ಜಾರಿತು. ನಮಗೆ ಆಗ ಜಾರುವುದು ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಸೊಲ್ಲಾಪುರದವನು ನೂರು ಮೀಟರ್ ಕೂತುಕೊಂಡೇ ಇಳಿದ, ಆಮೇಲೆ ಸ್ಕೀ ಬಿಚ್ಚಿ ಹೆಗಲ ಮೇಲೆ ಹೊತ್ತು ಮತ್ತೆ ಹತ್ತಿ ಬಂದ. ಮಂಗಳೂರಿನವಳು ಒಂದು ಮಾತೂ ಆಡದೆ ಗೊಂಡೋಲಾದ ಕ್ಯೂನಲ್ಲಿ ಹೋಗಿ ನಿಂತಳು. ನಾವೂ ಹಿಂದೆ ಹೋದೆವು. ಎರಡು ಗಂಟೆ ಹಾಳು, ದುಡ್ಡೂ ಹಾಳು, ಮೈಸೂರಿನವನ ಜೊತೆ ರಾತ್ರಿಯವರೆಗೆ ಮಾತಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲ ಅರ್ಧ ದಿನ ಬರೀ ನಿಲ್ಲುವುದು ಕಲಿಯಿರಿ. ಅದಕ್ಕೆ ಸ್ನೋಪ್ಲೌ ಅನ್ನುತ್ತಾರೆ. ಟೀಚರ್‌ಗಳು 'ಪಿಜ್ಜಾ, ಪಿಜ್ಜಾ' ಅಂತ ಕೂಗುವುದೂ ಇದನ್ನೇ, ಪಿಜ್ಜಾ ತುಂಡಿನ ಆಕಾರ ಬರಬೇಕು. ಪ್ಲೌ ಅಂದರೆ ನೇಗಿಲು ತಾನೇ, ಹೊಲದ ಮನೆಯಿಂದ ಬಂದ ಸೊಲ್ಲಾಪುರದವನಿಗೆ ಆ ಹೆಸರೇ ತಲೆಗೆ ಹೋಯಿತು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಸ್ಕೀಗಳ ಒಳ ಅಂಚಿನ ಮೇಲೆ ಭಾರ ಹಾಕಿ. ಹಿಂದೆ ಅಗಲ ಮಾಡಿದಷ್ಟೂ ನಿಧಾನ. ತುದಿಗಳು ಒಂದರ ಮೇಲೊಂದು ಹತ್ತಿದರೆ ಬಿದ್ದಿರಿ ಅಂತಲೇ ಲೆಕ್ಕ. ತಿರುಗುವುದೂ ಇದೇ ಆಕಾರದಲ್ಲಿ: ಬಲಗಾಲಿನ ಮೇಲೆ ಭಾರ ಹಾಕಿದರೆ ಎಡಕ್ಕೆ ಹೋಗುತ್ತೀರಿ, ಎಡಗಾಲಿನ ಮೇಲೆ ಹಾಕಿದರೆ ಬಲಕ್ಕೆ. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಒಂದು ಗಂಟೆಯಲ್ಲಿ ಕಾಲಿಗೆ ಗೊತ್ತಾಗುತ್ತದೆ.

ಎಲ್ಲರಿಗೂ ಆಗುವ ತಪ್ಪು ಒಂದಿದೆ. ವೇಗ ಹೆಚ್ಚಾದಾಗ ಹೆದರಿ ಹಿಂದಕ್ಕೆ ವಾಲುತ್ತೇವೆ. ವಾಲಿದ ಕೂಡಲೇ ಸ್ಕೀ ಹಿಡಿತ ತಪ್ಪಿ ಇನ್ನೂ ಜೋರಾಗಿ ಓಡುತ್ತದೆ. ಹೆದರಿಕೆಯಾದಾಗಲೇ ಮುಂದಕ್ಕೆ ಬಗ್ಗಬೇಕು, ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತುತ್ತಲೇ ಇರಬೇಕು. ಕೈ ಮುಂದಿರಲಿ, ಮದುವೆ ಪಂಕ್ತಿಯಲ್ಲಿ ಅನ್ನದ ಹರಿವಾಣ ಹಿಡಿದು ಬಡಿಸಲು ಹೊರಟ ಹಾಗೆ. ಕಣ್ಣು ಸ್ಕೀ ಮೇಲಲ್ಲ, ಹೋಗಬೇಕಾದ ಕಡೆ.

ಬೀಳುತ್ತೀರಿ. ಬೀಳುವುದು ಖಚಿತ ಅನ್ನಿಸಿದರೆ ಪಕ್ಕಕ್ಕೆ, ಕುಂಡಿಯ ಮೇಲೆ ಬೀಳಿ, ಕೈ ಊರಲು ಹೋಗಬೇಡಿ. ಏಳುವಾಗ ಅವಸರ ಬೇಡ. ಮೊದಲು ಎರಡೂ ಸ್ಕೀಗಳನ್ನು ನಿಮ್ಮ ಕೆಳಗಡೆಗೆ ತನ್ನಿ, ಇಳಿಜಾರಿಗೆ ಅಡ್ಡಲಾಗಿ ಇಡಿ, ಅಂಚು ಹಿಮಕ್ಕೆ ಕಚ್ಚಲಿ, ಆಮೇಲೆ ಮೇಲ್ಗಡೆಯ ಕೈಯಿಂದ ನೂಕಿ ಏಳಿ. ಸ್ಕೀ ಕೆಳಮುಖವಾಗಿದ್ದಾಗ ಎದ್ದರೆ ಎದ್ದ ಕೂಡಲೇ ಮತ್ತೆ ಹೊರಡುತ್ತೀರಿ. ಆಗದಿದ್ದರೆ ಮೇಲಿನ ಕಾಲಿನ ಸ್ಕೀ ಬಿಚ್ಚಿ, ಎದ್ದು, ಬೂಟಿನ ಅಡಿಯ ಹಿಮ ಕೆರೆದು ತೆಗೆದು ಮತ್ತೆ ಹಾಕಿಕೊಳ್ಳಿ. ಹಿಮ ಅಂಟಿದ್ದರೆ ಬೈಂಡಿಂಗ್ ಕೂರುವುದಿಲ್ಲ, ಎಷ್ಟು ತುಳಿದರೂ ಅಷ್ಟೇ.

ಗುಂಪಿನಲ್ಲಿ ಎಲ್ಲರಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. ಅದನ್ನು ಮೊದಲೇ ಒಪ್ಪಿಕೊಳ್ಳಿ. ಬಂದವರು ಬೆಳಗ್ಗೆ ತಮ್ಮಷ್ಟಕ್ಕೆ ಮೇಲೆ ಹೋಗಲಿ, ಕಲಿಯುವವರು ಕೆಳಗಿರಲಿ, ಹನ್ನೆರಡೂವರೆಗೆ ಇಂಥ ಚಹಾ ಅಂಗಡಿ ಅಂತ ಗೊತ್ತು ಮಾಡಿಕೊಳ್ಳಿ. ಫೋನ್ ನಂಬಬೇಡಿ, ಚಳಿಗೆ ಬ್ಯಾಟರಿ ಥಟ್ಟನೆ ಸಾಯುತ್ತದೆ. ಅದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ಇಳಿಯುವಾಗ ಮುಂದೆ ಕೆಳಗಿರುವವರಿಗೆ ದಾರಿ ಬಿಡುವುದು ಹಿಂದಿನಿಂದ ಬರುವವರ ಕೆಲಸ, ಇದು ಎಲ್ಲ ಕಡೆಯ ನಿಯಮ. ಫೋಟೋಗೆ ನಿಲ್ಲಬೇಕಾದರೆ ಪಕ್ಕಕ್ಕೆ ಸರಿದು ನಿಲ್ಲಿ, ಉಬ್ಬಿನ ಕೆಳಗೆ ಮರೆಯಲ್ಲಿ ನಿಲ್ಲಬೇಡಿ.

ಗೊಂಡೋಲಾದಲ್ಲಿ ಹೋಗಲೇಬೇಡಿ ಅಂತಲ್ಲ, ಸ್ಕೀ ಕೆಳಗಿಟ್ಟು ಹೋಗಿ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ, ಆಧಾರ್ ಜೊತೆಗಿರಲಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಎರಡನೇ ಹಂತದ ಗೊಂಡೋಲಾ ಅಫರ್ವತ್ ಶಿಖರದ ಪಕ್ಕ ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಇಲ್ಲ, ಹಾಗಾಗಿ ಬಂದ ದಿನವೇ ಮೇಲೆ ಓಡಬೇಡಿ, ತಲೆ ಸಿಡಿಯುತ್ತದೆ. ಒಂದು ರಾತ್ರಿ ಗುಲ್ಮಾರ್ಗ್‌ನಲ್ಲಿ ಮಲಗಿ, ಜಾಸ್ತಿ ನೀರು ಕುಡಿಯಿರಿ. ಮೇಲೆ ತಲೆನೋವು, ವಾಂತಿ ಶುರುವಾದರೆ ಮಾತ್ರೆ ಹುಡುಕುತ್ತಾ ಕೂರದೆ ಕೆಳಗೆ ಇಳಿದುಬಿಡಿ. ಇನ್ನು ಹಗ್ಗ ಕಟ್ಟಿದ ಕಡೆ ದಾಟಿ ಹೊಸ ಹಿಮಕ್ಕೆ ಇಳಿಯುವುದು ಹೊಸಬರ ಕೆಲಸವೇ ಅಲ್ಲ. 2024ರ ಫೆಬ್ರುವರಿಯಲ್ಲಿ ಇಲ್ಲೇ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಒಬ್ಬ ಸ್ಕೀಯರ್ ಸತ್ತರು. ಅನುಭವಿಗಳು ಕೂಡ ಬೀಕನ್ (ಹಿಮದಡಿ ಹೂತವರನ್ನು ಪತ್ತೆ ಮಾಡಲು ಸಿಗ್ನಲ್ ಕೊಡುವ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ, ಸಲಿಕೆ, ಗೈಡ್ ಇಲ್ಲದೆ ಆ ಕಡೆ ಕಾಲಿಡುವುದಿಲ್ಲ. ಮನೆಯಿಂದ ಹೊರಡುವಾಗ ಮಾಡಿಸಿದ ಪ್ರವಾಸದ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೋ ಇಲ್ಲವೋ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಬಿಸಿಲಿನ ವಿಷಯ ನಾವು ನಿರ್ಲಕ್ಷ್ಯ ಮಾಡಿದೆವು. ಚಳಿಯಲ್ಲಿ ಯಾರಿಗೆ ನೆನಪಿರುತ್ತದೆ? ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ 80 ಪ್ರತಿಶತದವರೆಗೆ ವಾಪಸ್ ಮುಖಕ್ಕೇ ಎಸೆಯುತ್ತದೆ, ಎತ್ತರಕ್ಕೆ ಹೋದಷ್ಟೂ ಅವು ಜೋರು. ಗಾಗಲ್ಸ್ ತೆಗೆಯಬೇಡಿ, ಸನ್‌ಸ್ಕ್ರೀನ್ ಮೂಗಿನ ಕೆಳಭಾಗಕ್ಕೂ ಹಚ್ಚಿ. ನಾನು ಹಚ್ಚದೆ ವಾಪಸ್ ಬಂದಾಗ ಗಾಗಲ್ಸ್ ಇದ್ದ ಜಾಗ ಬಿಟ್ಟು ಉಳಿದ ಮುಖ ಬದನೆಕಾಯಿ. ಹೆಂಡತಿ ಬಾಗಿಲಲ್ಲೇ ನಕ್ಕಳು.

ಊಟ ಅಲ್ಲಿ ಚೆನ್ನಾಗಿದೆ, ರಾಜ್ಮಾ-ಅನ್ನ, ಕಾಶ್ಮೀರದ ಬಿಸಿ ಚಹಾ ಕಹ್ವಾ. ಆದರೆ ಹಸಿವು ಒಂದು ಗಂಟೆಗೆ ಕಾಯುವುದಿಲ್ಲ. ಜೇಬಿಗೆ ಶೇಂಗಾ ಹೋಳಿಗೆ ಹಾಕಿಕೊಂಡು ಹೋಗಿ, ಚಾಕ್ಲೇಟಿನ ಹಾಗೆ ಕಲ್ಲಾಗುವುದಿಲ್ಲ, ಬಿದ್ದರೆ ಪುಡಿಯಾಗುತ್ತದೆ ಅಷ್ಟೇ. ನಮ್ಮ ಟೀಚರ್ ಒಂದು ತಿಂದು, ಇನ್ನೆರಡು ಕೇಳಿ ಮನೆಗೆ ಕಟ್ಟಿಸಿಕೊಂಡರು.

ಮೂರು ಗಂಟೆಗೆ ಮುಗಿಸಿ. ತೊಡೆ ಸೋತಾಗ ಮಾಡುವ 'ಇನ್ನೊಂದೇ ಒಂದು ಸಲ'ದಲ್ಲಿ ಪೆಟ್ಟಾಗುತ್ತದೆ, ಹಿಮವೂ ಹೊತ್ತು ಇಳಿದಂತೆ ಗಾಜಾಗುತ್ತದೆ. ಸಾಮಾನು ವಾಪಸ್ ಕೊಡುವಾಗ ಅಡ ಇಟ್ಟ ಗುರುತಿನ ಚೀಟಿ ಮರೆಯದೆ ಇಸಿದುಕೊಳ್ಳಿ. ರೂಮಿಗೆ ಬಂದ ಮೇಲೆ ಬೂಟಿನಿಂದ ಬಿಡುಗಡೆಯಾದ ಕಾಲನ್ನು ಬಿಸಿನೀರಿನಲ್ಲಿಟ್ಟು ಕೂರಿ. ಒದ್ದೆ ಗ್ಲೌಸನ್ನು ಬುಖಾರಿಯ (ರೂಮು ಬೆಚ್ಚಗಿಡುವ ಒಲೆ) ಪಕ್ಕ ಒಂದು ಮಾರು ದೂರದಲ್ಲಿ ಹರವಿ, ಮೇಲೆ ಇಡಬೇಡಿ. ಮೈಸೂರಿನವನು ಮೇಲೆ ಇಟ್ಟ. ಆ ವಾಸನೆಗೆ ಎಲ್ಲರೂ ಎದ್ದು ಓಡಿ ಬಂದೆವು, ಮಾತು ಬಿಟ್ಟಿದ್ದವರೂ ಸೇರಿ.