ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದಿದ್ದರೆ ಮಾಡಬೇಕಾದುದು

ಚಿತ್ರದುರ್ಗದ ಕೋಟೆ ಬೆಟ್ಟದ ಮಗ್ಗುಲಲ್ಲಿರುವ ಎಷ್ಟೋ ಮನೆಗಳಲ್ಲಿ ಬೀದಿಗೆ ಬಂದರೆ ಸರಿಯಾಗಿ ಕೇಳುವ ಕರೆ ನಡುಮನೆಗೆ ಹೋದೊಡನೆ ಕಡಿದುಹೋಗುತ್ತದೆ. ದಾವಣಗೆರೆ ಸಮತಟ್ಟಾದ ಊರಾದರೂ, ಒತ್ತೊತ್ತಾಗಿ ಎದ್ದಿರುವ ಆರ್‌ಸಿಸಿ ಕಟ್ಟಡಗಳ ನೆಲಮಹಡಿಯಲ್ಲಿ ಅದೇ ತೊಂದರೆ. ಮಕ್ಕಳು ಬೆಂಗಳೂರಿನಲ್ಲಿದ್ದು ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಯಲ್ಲಿ ಇದನ್ನು ಸಣ್ಣ ಕಿರಿಕಿರಿಯೆಂದು ಬಿಡಲಾಗದು. ರಾತ್ರಿ ಹೊತ್ತು 108ಕ್ಕೆ ಕರೆ ಮಾಡಬೇಕಾಗಿ ಬಂದರೆ ಹಾಸಿಗೆಯಿಂದ ಎದ್ದು ತಾರಸಿ ಹತ್ತುವುದು ಅವರಿಂದ ಆಗದ ಮಾತು. ಇಂತಹ ಮನೆಗಳವರು ಹೊಸ ಫೋನಿಗೋ ಹೊಸ ಸಿಮ್‌ಗೋ ಹಣ ಹಾಕುವ ಮೊದಲು, ಕೊರತೆ ಇರುವುದು ಟವರಿನಲ್ಲೋ, ಗೋಡೆಯಲ್ಲೋ, ಫೋನಿನಲ್ಲೋ ಎಂಬುದನ್ನು ಅಳೆದು ತಿಳಿದುಕೊಳ್ಳಬೇಕು.

ಅಳೆಯಲು ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಏಕೆಂದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಒಂದೊಂದು ಫೋನ್ ಕಂಪನಿ ಒಂದೊಂದು ರೀತಿಯಲ್ಲಿ ನಿಗದಿಪಡಿಸಿರುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ಮಾಹಿತಿಯ ಭಾಗದಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಬಲವು ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಇದು ಮೈನಸ್ 90ರ ಆಸುಪಾಸಿನಲ್ಲಿದ್ದರೆ ಮಾತಿಗೆ ತೊಂದರೆಯಿಲ್ಲ. ಮೈನಸ್ 110 ದಾಟಿ ಕೆಳಗಿಳಿದರೆ ಮಾತು ತುಂಡುತುಂಡಾಗತೊಡಗುತ್ತದೆ. ಈ ಮಾನದಲ್ಲಿ 10ರ ವ್ಯತ್ಯಾಸವೆಂದರೆ ಬಲದಲ್ಲಿ ಹತ್ತು ಪಟ್ಟು, 20ರ ವ್ಯತ್ಯಾಸವೆಂದರೆ ನೂರು ಪಟ್ಟು. ತಾರಸಿ, ಬಾಗಿಲು, ನಡುಮನೆ, ಮಲಗುವ ಕೋಣೆ, ಹೀಗೆ ಪ್ರತಿಯೊಂದು ಜಾಗದಲ್ಲಿಯೂ ಅರ್ಧ ನಿಮಿಷ ನಿಂತು ಸಂಖ್ಯೆಯನ್ನು ಬರೆದುಕೊಳ್ಳಿ. ತಾರಸಿಯಲ್ಲಿ ಚೆನ್ನಾಗಿದ್ದು ಒಳಗೆ ಕುಸಿದರೆ ಅಡ್ಡಿ ಮನೆಯದು. ತಾರಸಿಯಲ್ಲಿಯೂ ಸೊರಗಿದ್ದರೆ ಟವರ್ ದೂರವಿದೆ, ಇಲ್ಲವೇ ನಡುವೆ ಬೆಟ್ಟವಿದೆ. ಅದೇ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಅದೇ ಜಾಗದಲ್ಲಿ ಚೆನ್ನಾಗಿ ಹಿಡಿಯುತ್ತಿದ್ದರೆ ದೋಷ ನಿಮ್ಮ ಫೋನ್ ಅಥವಾ ಸಿಮ್‌ನದು.

ಗೋಡೆಯ ವಿಷಯದಲ್ಲಿ ನಮ್ಮ ಸೀಮೆಯ ಮನೆಗಳಿಗೆ ಅವುಗಳದೇ ಆದ ಕಷ್ಟಗಳಿವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಕಲ್ಲುಗೋಡೆಯೂ ಮೇಲಿನ ಮಣ್ಣಿನ ಹೊದಿಕೆಯೂ ರೇಡಿಯೋ ಅಲೆಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ. ಜಿಂಕ್ ಶೀಟಿನ ಸೂರು ಅವನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಆದ್ದರಿಂದ ಶೀಟಿನ ಕೆಳಗೆ ಸಿಗ್ನಲ್ ಬರುವುದು ಬಹುಪಾಲು ಕಿಟಕಿ ಬಾಗಿಲುಗಳ ಮೂಲಕ. ಗೋಡೆಯನ್ನು ಬದಲಿಸಲಾಗದಿದ್ದರೂ ಅಲೆಯನ್ನು ಆರಿಸಿಕೊಳ್ಳಬಹುದು: 700, 850, 900 ಮೆಗಾಹರ್ಟ್ಸ್‌ನ (ಇದು ಅಲೆಯ ಕಂಪನಾಂಕದ ಮಾನ) ಅಲೆಗಳು ಗೋಡೆಯನ್ನು ಹಾಯ್ದು ಬರುವಷ್ಟು ಸುಲಭವಾಗಿ 2300 ಅಥವಾ 3300 ಮೆಗಾಹರ್ಟ್ಸ್‌ನವು ಬರಲಾರವು. 5ಜಿಯ ಹೆಚ್ಚಿನ ವೇಗ ಬರುವುದು ಮುಖ್ಯವಾಗಿ 3300ರ ಆ ಎತ್ತರದ ಪಟ್ಟಿಯಿಂದ. ಹೀಗಾಗಿ ಒಳಕೋಣೆಯಲ್ಲಿ ಫೋನ್ ಬಡಕಲು 5ಜಿ ಸಿಗ್ನಲ್‌ಗೆ ಅಂಟಿಕೊಂಡು ಒದ್ದಾಡುತ್ತಿದ್ದರೆ, ನೆಟ್‌ವರ್ಕ್ ಆಯ್ಕೆಯಲ್ಲಿ 4ಜಿಗೆ ನಿಲ್ಲಿಸುವುದೇ ಮೇಲು, ಬ್ಯಾಟರಿಯೂ ಉಳಿಯುತ್ತದೆ. ಜೊತೆಗೆ 4ಜಿ ಜಾಲದ ಮೇಲೆಯೇ ಮಾತು ನಡೆಸುವ ವೋಲ್ಟೆ ಆಯ್ಕೆ ಆನ್ ಆಗಿದೆಯೇ, ಸಿಮ್ 3ಜಿ ಕಾಲದ್ದೇ ಎಂಬುದನ್ನು ನೋಡಿ. ಹಳೆಯ ಸಿಮ್ ಆಗಿದ್ದರೆ ಅದೇ ನಂಬರಿಗೆ 4ಜಿ ಸಿಮ್ ಬದಲಿಸಿಕೊಳ್ಳಿ. ಲೋಹದ ಕವರ್ ಇದ್ದರೆ ತೆಗೆದುಬಿಡಿ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವವರಿಗೆ ಇವೆಲ್ಲಕ್ಕಿಂತ ದೊಡ್ಡ ಪರಿಹಾರವೆಂದರೆ ವೈಫೈ ಕಾಲಿಂಗ್. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಆರಂಭಿಸಿದವು. ಆದರೂ ಇದನ್ನು ವಾಟ್ಸ್‌ಆ್ಯಪ್ ಕರೆಯೆಂದೇ ಭಾವಿಸಿ ಬಳಸದೆ ಬಿಟ್ಟವರಿದ್ದಾರೆ. ಇದು ನಿಮ್ಮದೇ ನಂಬರಿನಿಂದ ಹೋಗುವ ಸಾಮಾನ್ಯ ಕರೆ. ಟವರಿನ ಬದಲು ಮನೆಯ ವೈಫೈ ಮೂಲಕ ಕಂಪನಿಯ ಜಾಲವನ್ನು ಸೇರುತ್ತದೆ, ಅಷ್ಟೆ. ಎದುರಿನವರ ಬಳಿ ಕೀಪ್ಯಾಡ್ ಫೋನ್ ಇದ್ದರೂ ನಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಭಾಗಕ್ಕೆ ಹೋಗಿ ವೈಫೈ ಕಾಲಿಂಗ್ ಆನ್ ಮಾಡಿ, ಆದ್ಯತೆಯನ್ನು ವೈಫೈಗೆ ಕೊಡಿ. ರೂಟರನ್ನು ಟಿವಿಯ ಹಿಂದೆ ಬಚ್ಚಿಡದೆ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಇಡಿ. ಗೋಡೆ ದಪ್ಪವಿದ್ದರೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್‌ನ ವೈಫೈ ಒಳಕೋಣೆಗೆ ಚೆನ್ನಾಗಿ ತಲಪುತ್ತದೆ. ಕರೆಂಟ್ ಹೋದಾಗ ರೂಟರೂ ಆರಿ ಕರೆಯೂ ನಿಲ್ಲುವುದರಿಂದ, ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ತಪ್ಪದೆ ಹಾಕಿಸಿ. ವಯಸ್ಸಾದವರಿರುವ ಮನೆಯಲ್ಲಿ ಅದನ್ನು ನಾನು ಐಚ್ಛಿಕ ಖರ್ಚೆಂದು ಎಣಿಸುವುದಿಲ್ಲ.

ತೋಟದ ಮನೆಗೆ ಫೈಬರ್ ಕೇಬಲ್ ಬಂದಿರುವುದಿಲ್ಲ, ನಿಜ. ಅಲ್ಲಿ ಬೇರೆ ಕಂಪನಿಯ ಸಿಮ್ ಹಾಕಿದ ಹಳೆಯ ಫೋನೊಂದನ್ನು ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿ ಚಾರ್ಜಿಗೆ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿದರೆ, ಒಳಗಿನ ಫೋನ್ ಅದರ ಮೇಲೆಯೇ ವೈಫೈ ಕಾಲಿಂಗ್ ನಡೆಸಬಲ್ಲದು.

ಅಂಗಡಿಯಲ್ಲಿಯೋ ಆನ್‌ಲೈನಿನಲ್ಲಿಯೋ ಸಿಗುವ ಸಿಗ್ನಲ್ ಬೂಸ್ಟರ್‌ಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅನುಮತಿಯಿಲ್ಲದೆ ಅವನ್ನು ಅಳವಡಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಅವು ಟವರಿನ ಕಡೆಗೆ ಗದ್ದಲವನ್ನೂ ಹಿಗ್ಗಿಸಿ ಕಳಿಸುವುದರಿಂದ ಇಡೀ ಓಣಿಯವರ ಕರೆಗಳು ಕೆಡುತ್ತವೆ.

ತಾರಸಿಯಲ್ಲಿಯೂ ಸಿಗ್ನಲ್ ಸೊರಗಿದ್ದರೆ ಕಂಪನಿ ಬದಲಿಸುವುದನ್ನು ಯೋಚಿಸಬೇಕು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಮನೆಯ ಸುತ್ತ ಯಾವ ಯಾವ ಕಂಪನಿಯ ಟವರ್‌ಗಳಿವೆಯೆಂದು ನೋಡಬಹುದು. ಆದರೆ ಟವರ್ ಹತ್ತಿರವಿದ್ದರೂ ನಡುವೆ ಬಂಡೆಯ ಗುಡ್ಡವಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಆ ಕಂಪನಿಯ ಸಿಮ್ ಇರುವ ನೆಂಟರದೋ ನೆರೆಯವರದೋ ಫೋನನ್ನು ನಿಮ್ಮ ಮಲಗುವ ಕೋಣೆಗೇ ತಂದು, ಅದರಲ್ಲಿ ಮೊದಲಿನಂತೆ ಸಂಖ್ಯೆ ನೋಡಿ, ಒಂದು ಕರೆ ಮಾಡಿ ಪರೀಕ್ಷಿಸಿದ ಮೇಲೆಯೇ ನಿರ್ಧರಿಸಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿದ್ದರೆ, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಎಂಟು ಅಕ್ಷರಗಳ ಕೋಡ್ ತೆಗೆದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋಗಿ.

ಬದಲಿಸಲು ಮನಸ್ಸಿಲ್ಲದವರು ತಮ್ಮ ಕಂಪನಿಯ ದೂರು ಸಂಖ್ಯೆಯಾದ 198ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಬರೀ ನೆಟ್‌ವರ್ಕ್ ಇಲ್ಲ ಎನ್ನುವ ಬದಲು ಮನೆಯ ವಿಳಾಸ, ತೊಂದರೆಯಾಗುವ ಹೊತ್ತು, ನೀವು ಬರೆದಿಟ್ಟ ಡಿಬಿಎಂ ಸಂಖ್ಯೆಗಳನ್ನು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಆ ಸಂಖ್ಯೆಯ ಆಧಾರದ ಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಓಣಿಯ ನಾಲ್ಕಾರು ಮನೆಯವರು ತಮ್ಮ ತಮ್ಮ ನಂಬರಿನಿಂದ ಇದೇ ವಿವರಗಳೊಂದಿಗೆ ಬೇರೆ ಬೇರೆ ದೂರು ಕೊಟ್ಟರೆ, ಕೊರತೆ ಒಂದು ಫೋನಿನದಲ್ಲ, ಆ ಜಾಗದ್ದು ಎಂಬುದು ದಾಖಲೆಯಲ್ಲಿಯೇ ಕಾಣುತ್ತದೆ.