ಟೆನ್ಷನ್ ಟವರಿನ ಕೊರೋನಾ ರಿಂಗ್: ನನ್ನ ಅನುಭವ

ಕರಾವಳಿಯ 220 ಕೆವಿ ಲೈನೊಂದರ ಟೆನ್ಷನ್ ಟವರುಗಳಲ್ಲಿ (ತಂತಿಯನ್ನು ಎಳೆದು ಬಿಗಿಹಿಡಿಯುವ ಟವರುಗಳು) ಪಾಲಿಮರ್ ಇನ್ಸುಲೇಟರುಗಳ, ಅಂದರೆ ಫೈಬರ್ ಕಡ್ಡಿಗೆ ರಬ್ಬರ್ ಹೊದಿಸಿದ ಇನ್ಸುಲೇಟರುಗಳ, ಲೈನ್ ಕಡೆಯ ತುದಿ ಕೆಲವೇ ಮಳೆಗಾಲಗಳಲ್ಲಿ ಬೆಳ್ಳಗಾಗಿ ಬಿರಿಯತೊಡಗಿದಾಗ, ಎಲ್ಲರೂ ದೂರಿದ್ದು ಉಪ್ಪುಗಾಳಿಯನ್ನು. ನಾನು ಒಪ್ಪಲಿಲ್ಲ. ಉಪ್ಪೇ ಕಾರಣವಾಗಿದ್ದರೆ ಸವೆತ ಇನ್ಸುಲೇಟರಿನ ಉದ್ದಕ್ಕೂ ಕಾಣಬೇಕಿತ್ತು. ಇಲ್ಲಿ ಟವರ್ ಕಡೆಯ ಶೆಡ್‌ಗಳು (ಕೊಡೆಯಂಥ ರಬ್ಬರ್ ಬಿಲ್ಲೆಗಳು) ಹೊಸದರಂತಿದ್ದು, ಲೈನ್ ಕಡೆಯ ಲೋಹದ ಫಿಟ್ಟಿಂಗ್‌ನಿಂದ ಗೇಣುದ್ದದ ಜಾಗ ಮಾತ್ರ ಕೆಟ್ಟಿತ್ತು. ಅದೇ ಗಾಳಿಗೆ ಮೈಯೊಡ್ಡಿದ, ತಂತಿಯನ್ನು ತೂಗುಹಾಕುವ ಸಸ್ಪೆನ್ಷನ್ ಟವರುಗಳಲ್ಲಿ ಈ ತೊಂದರೆ ಇರಲೇ ಇಲ್ಲ ಎನ್ನಬಹುದು.

ಮೊದಲು ಇನ್ಸುಲೇಟರುಗಳನ್ನು ತೊಳೆಸಿದರು, ಫಲ ಸಿಗಲಿಲ್ಲ. ನಂತರ ಅದೇ ಮಾದರಿಯ ಹೊಸ ಇನ್ಸುಲೇಟರುಗಳನ್ನು ಹಾಕಿಸಿದರು. ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡುವ ಅನುಮತಿ) ಪಡೆದು ಗ್ಯಾಂಗನ್ನು ಟವರ್ ಹತ್ತಿಸಲು ತಗುಲಿದ ಖರ್ಚು ಮಾಲಿನ ಬೆಲೆಯನ್ನೇ ಮೀರಿತು, ಮುಂದಿನ ಮಳೆಗಾಲದಲ್ಲಿ ಬಿಳಿ ಮತ್ತೆ ಬಂತು. ಲೈನ್ ತುದಿಯಲ್ಲಿ ವಿದ್ಯುತ್ ಕ್ಷೇತ್ರವನ್ನು ಹರಡಿ ತಗ್ಗಿಸಲು ಹಾಕುವ ಲೋಹದ ಬಳೆಯೇ ಕೊರೋನಾ ರಿಂಗ್; ಇನ್ನೂ ದೊಡ್ಡ ವ್ಯಾಸದ ರಿಂಗ್ ತರಿಸಿದ್ದೂ ವ್ಯರ್ಥವಾಯಿತು. ರಿಂಗ್ ಕುಳಿತಿದ್ದದ್ದು ಸೀಲ್‌ಗಿಂತ (ರಬ್ಬರು ಲೋಹವನ್ನು ಸೇರುವ ಜಾಗ) ಹಿಂದೆ, ಲೋಹದ ಫಿಟ್ಟಿಂಗಿನ ಪಕ್ಕದಲ್ಲಿ. ಅದು ಕಾಯುತ್ತಿದ್ದದ್ದು ಲೋಹವನ್ನೇ ಹೊರತು ರಬ್ಬರನ್ನಲ್ಲ.

ಕೊರೋನಾ ಡಿಸ್ಚಾರ್ಜಿನ ಬೆಳಕನ್ನು ತೋರಿಸುವ ಯುವಿ (ಅತಿನೇರಳೆ) ಕ್ಯಾಮೆರಾದ ದಿನದ ಬಾಡಿಗೆ, ನೆನಪಿನ ಮೇಲೆ ಹೇಳುವುದಾದರೆ, ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿತ್ತು. ಅದನ್ನು ನಾನೇ ಭರಿಸಿ, ಮಳೆ ನಿಂತ ರಾತ್ರಿಯಲ್ಲಿ ನೋಡಿದಾಗ, ರಿಂಗ್ ಕತ್ತಲಾಗಿದ್ದು, ಸೀಲ್ ಮತ್ತು ಮೊದಲ ಶೆಡ್ ನಡುವಿನ ಹನಿಗಳಷ್ಟೇ ಬೆಳಗುತ್ತಿದ್ದವು. ಟವರಿನ ತೋಳು, ಜಂಪರ್ (ಟವರಿನ ಎರಡೂ ಬದಿಯ ತಂತಿಗಳನ್ನು ಬೆಸೆಯುವ ತುಂಡು), ಮೂರೂ ಫೇಸುಗಳನ್ನು ಸೇರಿಸಿ ಮೂರು ಆಯಾಮದಲ್ಲಿ ಲೆಕ್ಕ ಹಾಕಿದಾಗ ಅದೇ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಮಿಲಿಮೀಟರಿಗೆ ಸುಮಾರು 0.6 ಕಿಲೋವೋಲ್ಟ್ ಬಂತು. ರಬ್ಬರಿನ ಮೇಲೆ 0.42 ದಾಟಬಾರದೆಂಬುದು ನಮ್ಮವರೆಲ್ಲ ಬಲ್ಲ ಮಿತಿ. ಕೇವಲ ಕಡ್ಡಿಯನ್ನಿಟ್ಟು ಎರಡು ಆಯಾಮದಲ್ಲಿ ಲೆಕ್ಕ ಮಾಡಿದ್ದವರಿಗೆ ಇದು ಕಾಣದಿದ್ದುದು ಸಹಜವೇ.

ನಡುವೆ ಕುತೂಹಲಕ್ಕೆಂದು ಟೆಸ್ಟ್ ಟ್ರಾನ್ಸ್‌ಫಾರ್ಮರಿಗೆ ಹಳೆಯ ಇನ್ಸುಲೇಟರೊಂದನ್ನು ಕಟ್ಟಿ, ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನಿಂದ ಒಮ್ಮೆ ಸಾದಾ ನೀರು, ಒಮ್ಮೆ ಉಪ್ಪುನೀರು ಸಿಂಪಡಿಸಿದೆ. ಬಿಡಿ ಹನಿಗಳಿರುವಷ್ಟು ಹೊತ್ತು ಎರಡರ ಬೆಳಕಿನಲ್ಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನೀರಿನ ಪರ್ಮಿಟಿವಿಟಿಯೇ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) ಗಾಳಿಯ 80 ಪಟ್ಟಿನಷ್ಟಿರುವಾಗ ಹನಿಯ ಅಂಚಿನಲ್ಲಿ ಕ್ಷೇತ್ರ ಹೆಚ್ಚಲು ಉಪ್ಪಿನ ನೆರವು ಬೇಕಿಲ್ಲ.

ಕೊನೆಗೆ ಮಾಡಿದ್ದು ಇಷ್ಟೇ: ಲೇತ್ ವರ್ಕ್‌ಶಾಪಿನಲ್ಲಿ ಹೊಸ ಬ್ರಾಕೆಟ್ ಮಾಡಿಸಿ, ರಿಂಗನ್ನು ಸೀಲ್ ದಾಟಿ ಶೆಡ್‌ಗಳ ಕಡೆಗೆ ಆರೇಳು ಸೆಂಟಿಮೀಟರ್ ಸರಿಸಿ, ಕೊಳವೆಯನ್ನು ತುಸು ದಪ್ಪದ್ದಕ್ಕೆ ಬದಲಿಸಿದೆ. ಡ್ರೈ ಆರ್ಕ್ ದೂರ (ಎರಡು ತುದಿಗಳ ಲೋಹದ ನಡುವೆ ಗಾಳಿಯಲ್ಲಿರುವ ಅಂತರ) ಕಡಿಮೆಯಾಗಿ ಸಿಡಿಲಿಗೆ ಲೈನ್ ಟ್ರಿಪ್ ಆಗುತ್ತದೆಂದು ಹಿರಿಯರೊಬ್ಬರು ಕಡತದಲ್ಲೇ ಬರೆದರು. ಆಕ್ಷೇಪ ನ್ಯಾಯವಾದದ್ದೇ, ಆದರೆ ನಮ್ಮ ಕಡ್ಡಿಗೆ ಆ ಕಡಿತವನ್ನು ತಾಳುವಷ್ಟು ಹೆಚ್ಚುವರಿ ಉದ್ದವಿತ್ತು, ಸಿಡಿಲಿನ ಹೊಡೆತವನ್ನು ಅನುಕರಿಸುವ 1050 ಕೆವಿ ಇಂಪಲ್ಸ್ ಪರೀಕ್ಷೆಯಲ್ಲಿ ಹೊಸ ಜೋಡಣೆ ತೇರ್ಗಡೆಯೂ ಆಯಿತು. ರಿಂಗ್ ಮತ್ತು ಬ್ರಾಕೆಟ್ ಸೇರಿ ಒಂದು ಸ್ಟ್ರಿಂಗಿಗೆ ಮೂರು ಸಾವಿರದೊಳಗೆ ಮುಗಿಯಿತು.

ಆ ಬಳಿಕದ ಮಳೆಗಾಲಗಳಲ್ಲಿ ಕ್ಯಾಮೆರಾಕ್ಕೆ ಅಲ್ಲಿ ಬೆಳಕು ಸಿಕ್ಕಿಲ್ಲ, ರಬ್ಬರು ಕಪ್ಪುಬೂದಿ ಬಣ್ಣದಲ್ಲೇ ಉಳಿದಿದೆ. ಕಡತದಲ್ಲಿ ಆಕ್ಷೇಪ ಬರೆದವರೇ ಈಗ ಡ್ರಾಯಿಂಗ್ ಕೇಳಿ ಪಡೆದಿದ್ದಾರೆ. ವೆಲ್ಡಿಂಗ್ ಗಂಟಿನ ಮೊನೆಯನ್ನು ನಾವು ಹೇಗೆ ಸವರುತ್ತೇವೆ, ಬ್ರಾಕೆಟ್ಟಿನ ಬೋಲ್ಟನ್ನು ಎಲ್ಲಿ ಮರೆಮಾಡುತ್ತೇವೆ ಎಂಬುದು ಮಾತ್ರ ಆ ಡ್ರಾಯಿಂಗಿನಲ್ಲಿಲ್ಲ.