ಕಾಟಾಕ್ಕೆ ಹಾಕಿ ಕೊಂಡ ಗಾಡಿ

ನನ್ನ ಸೆಕೆಂಡ್ ಹ್ಯಾಂಡ್ ದೋಸ್ತ್, ಅಂದರೆ ಅಶೋಕ್ ಲೇಲ್ಯಾಂಡಿನ ಸಣ್ಣ ಸರಕು ಗಾಡಿ, ನನ್ನ ಕೈಗೆ ಬಂದ ಮೇಲೆ 62 ಸಾವಿರ ಕಿಲೋಮೀಟರ್ ಓಡಿದೆ. ಇದುವರೆಗೂ ಎಂಜಿನ್ ಬಿಚ್ಚಿಲ್ಲ. 2017ರ ಮಾಡೆಲ್, 2022ರ ಆಗಸ್ಟ್‌ನಲ್ಲಿ ಕೊಂಡದ್ದು. ಆಗ ನಾನು ಗಾಡಿಯನ್ನು ಕಾಟಾಕ್ಕೆ, ಅಂದರೆ ಲಾರಿ ತೂಗುವ ತಕ್ಕಡಿಗೆ, ಹಾಕಿ ನೋಡುತ್ತಿದ್ದ ರೀತಿ ಕಂಡು ಗಂಜ್ ಮಾರುಕಟ್ಟೆಯಲ್ಲಿ ನಗದವರಿಲ್ಲ. ಆಳಂದದ ಕಾಕಾ ಅಂತೂ ಎಲ್ಲರ ಮುಂದೆ, "ಕಾಟಾಕ್ಕ ಹಾಕಿ ಎಮ್ಮಿ ಕೊಳ್ತಾರೇನೋ ತಮ್ಮಾ?" ಎಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೇಳೆ ಸಪ್ಲೈ. ಕಲಬುರಗಿಯ ದಾಲ್ ಮಿಲ್‌ಗಳಿಂದ ಎತ್ತಿ ಕಮಲಾಪುರ, ಹುಮನಾಬಾದ್, ಚಿತ್ತಾಪುರದ ಅಂಗಡಿಗಳಿಗೆ ಹಾಕುತ್ತೇನೆ. ಮೊದಲ ಗಾಡಿ ಕೊಂಡದ್ದು 2016ರಲ್ಲಿ, ಸೊಲ್ಲಾಪುರ ಕಡೆಯದು, 1 ಲಕ್ಷ 90 ಸಾವಿರಕ್ಕೆ. ಕಂಪನಿ ಹೆಸರು ಬೇಡ, ತಪ್ಪು ಕಂಪನಿಯದಲ್ಲ. ಹೊಸ ಬಣ್ಣ, ಹೊಸ ಸೀಟ್ ಕವರ್, ಒಳಗೆ ದೇವರ ಫೋಟೋಗೆ ಲೈಟು. ಮಧ್ಯಾಹ್ನ ಹೋಗಿ ನೋಡಿದೆ, ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಯಿತು, ಹಣ ಕೊಟ್ಟು ಬಂದೆ. ಮೇ ತಿಂಗಳಲ್ಲಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಯಿತು. ಬಿಚ್ಚಿದರೆ ಸಿಲಿಂಡರಿನ ಬೋರೂ ಸವೆದಿತ್ತು. 42 ಸಾವಿರ ಅಲ್ಲೇ ಹೋಯಿತು. ಅಷ್ಟರಲ್ಲಿ ಹೆಸರು ಬದಲಿಸಲು ಹೋದರೆ ಆರ್‌ಸಿ ಮೇಲೆ ಫೈನಾನ್ಸ್ ಸಾಲ ಇನ್ನೂ ಹಾಗೇ ಕೂತಿದೆ. ಮಾರಿದವನು "ಮುಗದದ ರೀ" ಎಂದು ಬಾಯಲ್ಲಿ ಹೇಳಿದ್ದನ್ನು ನಂಬಿದ್ದೆ. ಮತ್ತೆ 38 ಸಾವಿರ ಕಟ್ಟಿದೆ. ಕೊನೆಗೆ 1 ಲಕ್ಷ 5 ಸಾವಿರಕ್ಕೆ ಮಾರಿದೆ. ಒಂದೂವರೆ ಲಕ್ಷದ ಮೇಲೆ ನೀರಲ್ಲಿ ಹೋಯಿತು. ಆಮೇಲೆ ಐದು ವರ್ಷ ಬಾಡಿಗೆ ಗಾಡಿಯಲ್ಲೇ ಕಳೆದೆ.

ಮತ್ತೆ ಹುಡುಕಲು ಶುರು ಮಾಡಿದಾಗ ಹನ್ನೊಂದು ಗಾಡಿ ನೋಡಿದೆ, ಹತ್ತು ಬಿಟ್ಟೆ. ಬೀದರ್‌ನಲ್ಲಿ ಒಂದು ಇತ್ತು, ತೆಲಂಗಾಣದಲ್ಲಿ ನೋಂದಣಿಯಾದದ್ದು, ರೇಟು ಬಹಳ ಕಡಿಮೆ. ಕೆಳಗೆ ಮಲಗಿ ನೋಡಿದರೆ ಚಾಸಿ (ಗಾಡಿಯ ಅಡಿಚೌಕಟ್ಟು) ಪೂರ್ತಿ ಕರಿ ಪೇಂಟು ಮಿಂಚುತ್ತಿತ್ತು. ನಮ್ಮ ಭಾಗದ ಗಾಡಿ ಕೆಳಗೆ ಅಷ್ಟು ಚೊಕ್ಕ ಇರುತ್ತದೆಯೇ? ಎರೆ ಮಣ್ಣು ಡೀಸೆಲ್ ಟ್ಯಾಂಕಿನ ಹಿಂದೆ ಹೊಕ್ಕು ಸಿಮೆಂಟಿನಂತೆ ಕೂತಿರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದುಕೊಂಡು ಒಳಗೊಳಗೇ ಕಬ್ಬಿಣ ತಿನ್ನುತ್ತದೆ. ಟ್ಯಾಂಕಿನ ಹಿಂದೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿದೆ. ಪೇಂಟಿನ ಸಿಪ್ಪೆ ಎದ್ದು, ಅದರ ಹಿಂದೆ ತುಕ್ಕು ಅವಲಕ್ಕಿಯಂತೆ ಅಂಗೈ ಮೇಲೆ ಉದುರಿತು. ಗೊಬ್ಬರದ ಚೀಲ ಹೊತ್ತ ಗಾಡಿ ಎಂದು ಆಮೇಲೆ ಗೊತ್ತಾಯಿತು. ಯೂರಿಯಾ, ಡಿಎಪಿ ಹೊತ್ತ ಗಾಡಿಗೆ ನಾನು ಕೈ ಹಚ್ಚುವುದಿಲ್ಲ, ಅರ್ಧ ರೇಟಿಗೆ ಕೊಟ್ಟರೂ ಬೇಡ.

ನನ್ನ ರೀತಿ ಇಷ್ಟು. ಮೊದಲನೆಯದು, ನಸುಕಿನಲ್ಲಿ ಹೋಗುವುದು. ಹಿಂದಿನ ರಾತ್ರಿ ಫೋನ್ ಮಾಡಿ, "ಮುಂಜಾನೆ ಐದೂವರೆಗೆ ಬರ್ತೀನಿ, ನಾ ಬರೋತನಕಾ ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದು ಹೇಳುತ್ತೇನೆ. ಐದಕ್ಕೇ ಹೋಗಿ ನಿಲ್ಲುತ್ತೇನೆ. ಸೇಡಂ ರಸ್ತೆಯ ಒಂದು ಮನೆಯಲ್ಲಿ ಮಾಲೀಕರು ಚಾ ತರಲು ಒಳಗೆ ಹೋದಾಗ ಸೈಲೆನ್ಸರ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಚಾ ಕುಡಿದು, ನಮಸ್ಕಾರ ಹೇಳಿ ಬಂದುಬಿಟ್ಟೆ. ಬಿಸಿ ಇದ್ದ ಡೀಸೆಲ್ ಎಂಜಿನ್ ಎಲ್ಲ ಸುಳ್ಳೂ ಮುಚ್ಚುತ್ತದೆ. ತಣ್ಣಗಿದ್ದದ್ದು ಮೊದಲ ಒಂದು ನಿಮಿಷದಲ್ಲಿ ಹೊಗೆ, ಸದ್ದು, ನಡುಕ ಎಲ್ಲ ತೋರಿಸುತ್ತದೆ. ಎಣ್ಣೆ ಮುಚ್ಚಳ ಬಿಚ್ಚಿ ನೋಡುವುದು, ರೇಡಿಯೇಟರ್ ನೀರಿನಲ್ಲಿ ಎಣ್ಣೆ ಬೆರೆತಿದೆಯೇ ನೋಡುವುದು ಎಲ್ಲರೂ ಮಾಡುವುದೇ.

ಎರಡನೆಯದು ಕಾಟಾ. ಎಲ್ಲರೂ ನಕ್ಕದ್ದು ಇದಕ್ಕೇ. ಖಾಲಿ ಗಾಡಿಯನ್ನು ಧರ್ಮಕಾಟಾ ಮೇಲೆ ನಿಲ್ಲಿಸಿ ಚೀಟಿ ತೆಗೆಯುತ್ತೇನೆ. ಆರ್‌ಸಿಯಲ್ಲಿ ಖಾಲಿ ತೂಕ ಬರೆದೇ ಇರುತ್ತದೆ. ಟ್ಯಾಂಕಿನ ಡೀಸೆಲ್, ಜಾಕು, ಪಾನಾ, ಹಗ್ಗ, ತಾಡಪತ್ರಿ, ಒಳಗೆ ಕೂತ ಡ್ರೈವರ್ ಎಲ್ಲ ಕಳೆದು, ಕಾಟಾದ ಹತ್ತಿಪ್ಪತ್ತು ಕೆಜಿ ವ್ಯತ್ಯಾಸ ಬಿಟ್ಟು, ಆಮೇಲೂ ನೂರು ಕೆಜಿ ಹೆಚ್ಚು ಬಂದರೆ ಆ ಗಾಡಿಗೆ ಎಲ್ಲೋ ಕಬ್ಬಿಣ ತಿನ್ನಿಸಿದ್ದಾರೆ ಎಂದೇ ಅರ್ಥ. ಒಂದಕ್ಕೆ 210 ಕೆಜಿ ಹೆಚ್ಚು ಬಂತು. ಮಾಲೀಕರು "ಕಾಟಾನೇ ಸರಿ ಇಲ್ಲ" ಎಂದರು. ಇನ್ನೊಂದು ಕಾಟಾಕ್ಕೆ ಹೋದೆವು, ಅಲ್ಲೂ ಅಷ್ಟೇ. ಬಗ್ಗಿ ನೋಡಿದರೆ ಚಾಸಿಗೆ ಎರಡೂ ಬದಿ ಕಬ್ಬಿಣದ ಚಾನಲ್ ವೆಲ್ಡ್ ಮಾಡಿಸಿ, ಹಿಂದೆ ಎರಡೆರಡು ಪಾಟಾ (ಸ್ಪ್ರಿಂಗ್ ಪಟ್ಟಿ) ಹೆಚ್ಚಿಗೆ ಹಾಕಿಸಿದ್ದರು. ಶಹಾಬಾದ್ ಪರಸಿ (ಹಾಸುಗಲ್ಲು) ಹೊತ್ತ ಗಾಡಿ ಅದು. ಒಂದು ಟನ್ನಿನ ಗಾಡಿಗೆ ಎರಡು, ಎರಡೂವರೆ ಹೇರದೆ ಯಾರೂ ಚಾನಲ್ ಹಾಕಿಸುವುದಿಲ್ಲ. ಪಾಟಾ ಗಟ್ಟಿ ಮಾಡಿದರೇನು, ಕ್ಲಚ್ಚು, ಗೇರು, ಬೇರಿಂಗು, ಬ್ರೇಕು ಎಲ್ಲ ಹಳೆಯ ಲೆಕ್ಕದವೇ ಅಲ್ಲವೇ? ಮೀಟರ್ ತಿರುಗಿಸಬಹುದು, ಪೇಂಟ್ ಹೊಡೆಸಬಹುದು. ವೆಲ್ಡ್ ಮಾಡಿಸಿದ ಕಬ್ಬಿಣವನ್ನು ಒಂದು ಮುಂಜಾನೆಯಲ್ಲಿ ಕಿತ್ತು ಹಾಕಲು ಆಗುವುದಿಲ್ಲ. ಚೀಟಿಗೆ ಆಗ ನಾನು ಕೊಟ್ಟದ್ದು ನೂರು ರೂಪಾಯಿಯೊಳಗೆ.

ಕಾಟಾ ಮೇಲೆ ಇನ್ನೂ ಒಂದೆರಡು ಆಟ ಆಡಿದೆ. ಎಡ ಚಕ್ರ ಬೇರೆ, ಬಲ ಚಕ್ರ ಬೇರೆ ತೂಗಿದರೆ ಚಾಸಿ ವಾರೆ ಇದ್ದದ್ದು ಸಿಗಬಹುದು ಎಂದುಕೊಂಡೆ. ಮೂರು ಗಾಡಿಗೆ ಮಾಡಿ ನೋಡಿದೆ, ಏನೂ ತಿಳಿಯಲಿಲ್ಲ, ಹಿಂದೆ ಲಾರಿಯವರು ಹಾರ್ನ್ ಹೊಡೆದದ್ದೇ ಬಂತು. ಅದಕ್ಕೆ ಸಮತಟ್ಟು ನೆಲ, ಅಳತೆ ಟೇಪು ಸಾಕು. ಬಾಡಿಯ ನಾಲ್ಕೂ ಮೂಲೆ ನೆಲದಿಂದ ಎಷ್ಟು ಎತ್ತರ ಎಂದು ಹಿಡಿಯಿರಿ. ಮಗಳ ಫ್ರಿಜ್ ಮೇಲಿನ ಅಯಸ್ಕಾಂತ ತಂದು ಬಾಗಿಲಿಗೆ ಹಚ್ಚಿ ಲಪ್ಪಾ (ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ) ಹುಡುಕುವುದು ಮಾತ್ರ ಚೆನ್ನಾಗಿ ನಡೆಯುತ್ತದೆ, ಲಪ್ಪಾ ಇದ್ದಲ್ಲಿ ಜಾರಿ ಬೀಳುತ್ತದೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 3219 ಎಂದರೆ 2019ರ 32ನೇ ವಾರದ ಟೈರು. ಮೀಟರ್ 40 ಸಾವಿರ ಎನ್ನುತ್ತಿದೆ, ಟೈರು ನೋಡಿದರೆ ಎರಡು ಸಲ ಬದಲಾಗಿದೆ ಎಂದಾದರೆ ಮೀಟರ್ ನಂಬಬೇಡಿ.

ಈಗ ನನ್ನ ಗಾಡಿ. ಜೇವರ್ಗಿ ಕಡೆಯದು, ಬ್ರೆಡ್ಡು ಬಿಸ್ಕೀಟು ಹೊತ್ತದ್ದು. ಕಾಟಾದಲ್ಲಿ ಎಲ್ಲ ಕಳೆದ ಮೇಲೆ 20 ಕೆಜಿಯ ವ್ಯತ್ಯಾಸ. ನಸುಕಿನಲ್ಲಿ ಎರಡನೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು, ಸ್ವಲ್ಪ ಬಿಳಿ ಹೊಗೆ, ಅರ್ಧ ನಿಮಿಷಕ್ಕೆ ತಿಳಿಯಾಯಿತು. ಆಮೇಲೆ ಬೇಳೆಯ 50 ಕೆಜಿಯ 20 ಚೀಲ ನನ್ನದೇ ಹೇರಿ ರೈಲ್ವೆ ಬ್ರಿಜ್ ಏರಿಸಿದೆ. ಮೂರನೇ ಗೇರಿನಲ್ಲಿ ಕ್ಲಚ್ ಜಾರಿತು. ಹೇಗೂ ಬಾಡಿಗೆಗೆ ಕಳಿಸಬೇಕಾದ ಮಾಲು, ಡೀಸೆಲ್ ನಾನೇ ಹಾಕಿಸಿದೆ, ಅವರಿಗೂ ಬೇಸರವಿಲ್ಲ. ಹೇಳಿದ್ದು 4 ಲಕ್ಷ 10 ಸಾವಿರ. ಕ್ಲಚ್ ತೋರಿಸಿ, ಟೈರ್ ತೋರಿಸಿ 3 ಲಕ್ಷ 55 ಸಾವಿರಕ್ಕೆ ಮುಗಿಸಿದೆ. ಮಳೆಗಾಲದಲ್ಲಿ ಬಾಡಿಗೆ ಇರುವುದಿಲ್ಲ, ಕಂತು ಬಿಡುವುದಿಲ್ಲ, ಮಾರುವವರು ಮಾತಿಗೆ ಬರುತ್ತಾರೆ. ತೊಗರಿ ರಾಶಿ ಮುಗಿದು ಕೈಯಲ್ಲಿ ದುಡ್ಡು ಓಡಾಡುವಾಗ ಹೋದರೆ ಅದೇ ಗಾಡಿಗೆ ಮೂವತ್ತು ಸಾವಿರ ಹೆಚ್ಚು ಕೇಳುತ್ತಾರೆ.

ಮೇಲಿನ ಖರ್ಚು ಬರೆದುಕೊಳ್ಳಿ. ಕ್ಲಚ್ 9 ಸಾವಿರ, ಎರಡು ಟೈರು 9 ಸಾವಿರ, ಬ್ಯಾಟರಿ ಐದೂವರೆ, ಇನ್ಶೂರೆನ್ಸು 18ರ ಹತ್ತಿರ, ಹೆಸರು ಬದಲಿಗೆ ಏಜೆಂಟ್ ಸೇರಿ 6. ಒಟ್ಟು 4 ಲಕ್ಷ ದಾಟಿತು. ಸಾಲ ತೀರಿದ ಫೈನಾನ್ಸ್ ಎನ್‌ಒಸಿ, ಆರ್‌ಸಿಯಿಂದ ಸಾಲ ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ 50 ಸಾವಿರ ತಡೆಹಿಡಿದಿದ್ದೆ. 2016ರಲ್ಲಿ ಕಲಿತ ಪಾಠ ಅದು. ಒಟ್ಟು ತೂಕ 3000 ಕೆಜಿಯೊಳಗಿನ ಗಾಡಿಯಾದ್ದರಿಂದ ಪರ್ಮಿಟ್ ಗೋಳಿಲ್ಲ. ಎಂಟು ವರ್ಷ ದಾಟಿದ್ದರಿಂದ ಈಗ ವರ್ಷಾ ವರ್ಷ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಬೇಕು, ಕೊಳ್ಳುವಾಗಲೇ ಆ ಲೆಕ್ಕ ಹಿಡಿದಿದ್ದೆ. ಲೋಡಿಗೆ 13, ಖಾಲಿ 16ರ ಮೇಲೆ ಮೈಲೇಜು. ತಾಡಪತ್ರಿ ಬಿಗಿದು ಕಟ್ಟಿದ ದಿನ ಹುಮನಾಬಾದ್ ಟ್ರಿಪ್ಪಿನಲ್ಲಿ ಲೀಟರಿಗೆ ಅರ್ಧ ಕಿಲೋಮೀಟರ್ ಹೆಚ್ಚು ಬರುತ್ತದೆ, ನಾಲ್ಕು ಸಲ ಟ್ಯಾಂಕ್ ತುಂಬಿಸಿ ನೋಡಿದ್ದೇನೆ. ಬಾಡಿಗೆಗೆ ತಿಂಗಳಿಗೆ ನಲವತ್ತು ಸಾವಿರದ ಮೇಲೆ ಹೋಗುತ್ತಿತ್ತು, ಈಗ ಡೀಸೆಲ್, ಡ್ರೈವರ್ ಸೇರಿ ಮೂವತ್ತರ ಒಳಗೆ.

ಒಂದು ತಪ್ಪಿಸಿಕೊಂಡಿತು. ಮುಂದಿನ ಚಕ್ರ ಜಾಕ್ ಹಚ್ಚಿ ಅಲುಗಾಡಿಸಿ ನೋಡಲಿಲ್ಲ. ಚಕ್ರ ಎಡಬಲ ಹೊರಳಲು ಇರುವ ಕಿಂಗ್ ಪಿನ್ ಹೋಗಿತ್ತು, ಮೂರೇ ತಿಂಗಳಿಗೆ 4,800 ಬಿತ್ತು. ಈಗ ಜಾಕು ನನ್ನದೇ ಒಯ್ಯುತ್ತೇನೆ.

ಹೋದ ಭಾನುವಾರ ಮುಂಜಾನೆ ಆರಕ್ಕೆ ಆಳಂದದ ಕಾಕಾ ಫೋನ್ ಮಾಡಿದರು. ಮಗನಿಗೆ ಚಿತ್ತಾಪುರದಲ್ಲಿ ಒಂದು ಗಾಡಿ ನೋಡಿದ್ದಾರಂತೆ. "ಕಾಟಾ ಚೀಟಿ ಕಳಿಸೀನಿ, ಆರ್‌ಸಿನೂ ಅದ, ನೋಡಿ ಹೇಳು" ಎಂದರು. ನೋಡಿದೆ. ಎಲ್ಲ ಕಳೆದ ಮೇಲೂ 160 ಕೆಜಿ ಹೆಚ್ಚಿತ್ತು. "ಬ್ಯಾಡ ಕಾಕಾ" ಎಂದೆ. "ಆತು, ಹೊಂಟೆವು" ಎಂದು ಅಲ್ಲಿಂದಲೇ ಮನೆಗೆ ತಿರುಗಿದರು.